ಎಷ್ಟು ಮಕ್ಕಳಲ್ಲಿ ಆರು?

ಬೀದಿಯಲ್ಲಿ ದಡಾರ ಶುರುವಾಗಿ ಮೂರು ವಾರವಾಗಿತ್ತು. ಆರೋಗ್ಯ ಕೇಂದ್ರದ ದೊಡ್ಡ ಸಿಸ್ಟರ್‌ಗೆ ಪಿತ್ತ ನೆತ್ತಿಗೇರಿತ್ತು. ಕಾಯಿಲೆ ರಿಜಿಸ್ಟರನ್ನು ಮೇಜಿನ ಮೇಲೆ ಕುಕ್ಕಿದರು.

"ನೋಡು, ಹನ್ನೊಂದು ಮಕ್ಕಳಿಗೆ ದಡಾರ. ಅದರಲ್ಲಿ ಲಸಿಕೆ ಹಾಕಿಸ್ಕೊಂಡವೇ ಆರು! ಹಾಕಿಸ್ಕೊಳ್ಳದವು ಬರೀ ಐದು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಈ ಲಸಿಕೆ ದಂಡ!"

ಸಣ್ಣ ಸಿಸ್ಟರ್ ಬೆಚ್ಚಿದಳು. "ಹೊರಗಡೆ ಕೂತಿದ್ದ ತಾಯಂದಿರಿಗೂ ಹಾಗೇ ಹೇಳಿಬಿಟ್ರಾ ಅಕ್ಕಾ?"

"ಹೇಳ್ದೆ. ಇಬ್ಬರು ಎದ್ದು ಹೋದ್ರು. ಮಗೂನ ಕರ್ಕೊಂಡು ಬರಬೇಡ ಅಂತ ನನ್ನ ಸೊಸೆಗೂ ಫೋನ್ ಮಾಡಿದೆ. ಒಂಬತ್ತು ತಿಂಗಳ ಕೂಸಿಗೆ ಸುಮ್ನೆ ಯಾಕೆ ಚುಚ್ಚೋದು?"

ಈಗ ಸಿಟ್ಟು ಬಂದದ್ದು ಚಿಕ್ಕವಳಿಗೆ. ಫೋನನ್ನು ಅವರ ಮುಂದೆ ಹಿಡಿದಳು. "ಇದು ನರ್ಸು, ಡಾಕ್ಟರುಗಳಿಗೆ ಅಂಕಿಅಂಶ ಕಲಿಸೋ ಆ್ಯಪ್. ದಿನಕ್ಕೆ ಹತ್ತೇ ನಿಮಿಷದ ಪಾಠ."

"ಮೂವತ್ತು ವರ್ಷ ಸರ್ವಿಸ್ ಮಾಡಿದವಳಿಗೆ ಫೋನು ಮಗ್ಗಿ ಹೇಳಿಕೊಡುತ್ತಾ?"

"ಇದು ಕೇಳೋ ಒಂದು ಪ್ರಶ್ನೆಗೆ ಉತ್ತರ ಕೊಡಿ. ಆಮೇಲೆ ಎಷ್ಟು ಬೇಕಾದ್ರೂ ಬಯ್ಯಿರಿ."

ಪ್ರಶ್ನೆ ಇಷ್ಟೇ ಇತ್ತು: ಆರು ಸರಿ, ಎಷ್ಟರಲ್ಲಿ ಆರು?

ದೊಡ್ಡ ಸಿಸ್ಟರ್ ರಿಜಿಸ್ಟರ್ ತಿರುವಿದರು. ಅದರಲ್ಲಿ ಕಾಯಿಲೆ ಬಿದ್ದವರ ಲೆಕ್ಕ ಮಾತ್ರ ಇತ್ತು, ಚೆನ್ನಾಗಿರುವ ಮಕ್ಕಳಿಗೆ ಖಾನೆಯೇ ಇರಲಿಲ್ಲ. ಗೊಣಗುತ್ತ ಲಸಿಕೆ ಪುಸ್ತಕ ತೆಗೆದರು. ಬೀದಿಯಲ್ಲಿ ಒಟ್ಟು ಇನ್ನೂರು ಮಕ್ಕಳು. ಲಸಿಕೆ ಹಾಕಿಸಿಕೊಂಡವರು ನೂರ ಎಂಬತ್ತು, ಹಾಕಿಸಿಕೊಳ್ಳದವರು ಇಪ್ಪತ್ತು.

ಅಂಕಿ ಒತ್ತಿದ ಕೂಡಲೇ ಪರದೆಯ ತುಂಬ ಮಗುವಿಗೊಂದರಂತೆ ಚುಕ್ಕಿ ಮೂಡಿತು. ನೂರ ಎಂಬತ್ತು ಚುಕ್ಕಿಗಳ ನಡುವೆ ಆರು ಕೆಂಪು. ಪಕ್ಕದ ಪುಟ್ಟ ಗುಂಪಿನ ಇಪ್ಪತ್ತರಲ್ಲಿ ಐದು ಕೆಂಪು.

"ಅಯ್ಯೋ, ಲಸಿಕೆ ಇದ್ದರೆ ಮೂವತ್ತಕ್ಕೆ ಒಂದು. ಇಲ್ಲದಿದ್ದರೆ ನಾಲ್ಕಕ್ಕೆ ಒಂದು!" ದೊಡ್ಡ ಸಿಸ್ಟರ್ ಕೆಂಪು ಚುಕ್ಕಿಗಳನ್ನು ಮತ್ತೊಮ್ಮೆ ಎಣಿಸಿದರು. ಮರುಕ್ಷಣವೇ ಗುಡುಗಿದರು. "ಖಾನೆ ತುಂಬಿಸು, ತುಂಬಿಸು ಅಂತ ಮೂವತ್ತು ವರ್ಷ ದುಡಿಸಿಕೊಂಡ್ರಲ್ಲ! ತುಂಬಿಸಿದ್ದನ್ನ ಓದೋದು ಒಬ್ಬರಾದ್ರೂ ಕಲಿಸಿದ್ರಾ?"

ಸೊಸೆಗೆ ಫೋನ್ ಹೋಯಿತು. "ಬೆಳಿಗ್ಗೆ ಬೇಡ ಅಂದ್ರಲ್ಲ ಅತ್ತೆ?"

"ನಾನು ಅಂದಿದ್ದು ತಪ್ಪು. ಈಗಲೇ ಹೊರಡು."

ಎದ್ದು ಹೋದ ಇಬ್ಬರ ಮನೆಗೂ ತಾವೇ ನಡೆದರು. ಒಬ್ಬಳು ಕೂಡಲೇ ಹೊರಟಳು. ಇನ್ನೊಬ್ಬಳು ಬಾಗಿಲಲ್ಲೇ ತಡೆದಳು. "ಬೇಡ ಅಂದವರೂ ನೀವೇ, ಬೇಕು ಅನ್ನೋರೂ ನೀವೇ. ನಮ್ಮ ಮಕ್ಕಳು ನಿಮಗೆ ಆಟದ ಸಾಮಾನಾ?"

"ಬಯ್ಯಮ್ಮಾ, ಬಯ್ಯಿಸ್ಕೋತೀನಿ. ಲೆಕ್ಕ ತಪ್ಪಿದ್ದು ನನ್ನದು, ಅದರ ಶಿಕ್ಷೆ ನಿನ್ನ ಮಗೂಗೆ ಬೇಡ."

ಆಕೆ ಮಗುವನ್ನು ಎತ್ತಿಕೊಂಡು ಚಪ್ಪಲಿ ಮೆಟ್ಟಿದಳು.

ಸಿಸ್ಟರ್‌ಗಳೇ, ಡಾಕ್ಟರುಗಳೇ, ಆರೋಗ್ಯ ಕಾರ್ಯಕರ್ತರೇ, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿಮ್ಮ ಒಂದು ಮಾತನ್ನು ನಂಬಿ ಜನ ಮಗುವನ್ನು ಮುಂದೆ ಚಾಚುತ್ತಾರೆ, ಇಲ್ಲವೇ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಫೋನು ಹೇಗೂ ಕೈಯಲ್ಲೇ ಇದೆ. ಚಹಾದ ಹೊತ್ತಿನಲ್ಲಿ ಹತ್ತು ನಿಮಿಷ ಅಂಕಿಅಂಶದ ಪಾಠ ಕಲಿಯಿರಿ. ಯಾರೇ ಅಂಕಿ ಹೇಳಿದರೂ "ಎಷ್ಟರಲ್ಲಿ ಎಷ್ಟು?" ಎಂದು ಮುಲಾಜಿಲ್ಲದೆ ಕೇಳಿ. ಕೇಳಿದ ಮೇಲೆ ಬಾಯಿ ತೆರೆಯಿರಿ.