ಎಡಗಾಲಿನ ಅಳತೆ

ದರ್ಜಿ ತೀರಿಕೊಂಡ ಮೇಲೆ ಅಂಗಡಿಗೆ ಮಗಳೇ ದಿಕ್ಕು. ಡ್ರಿಲ್ ಮೇಷ್ಟ್ರಿಗೆ ಅವಳು ಹೊಲಿದ ಮೊದಲ ಪ್ಯಾಂಟು ವಾರದೊಳಗೆ ವಾಪಸ್ಸು ಬಂತು.

"ಎಡಗಾಲು ನೆಲ ಗುಡಿಸ್ತಿದೆಯಮ್ಮ. ನಿಮ್ಮಪ್ಪ ಇದ್ದಾಗ ಒಂದು ಸಲವೂ ಹೀಗಾಗಿರಲಿಲ್ಲ," ಎಂದರು ಮೇಷ್ಟ್ರು.

ಅವಳು ಅಪ್ಪನ ಅಳತೆ ಪುಸ್ತಕ ತೆರೆದಳು. ಬಲಗಾಲು ನಲವತ್ತು, ಎಡಗಾಲು ಮೂವತ್ತೊಂಬತ್ತು. ಸೂಜಿಗೆ ದಾರ ಪೋಣಿಸಲಾಗದ ಮುದುಕನ ಕಣ್ತಪ್ಪೆಂದು, ತಿದ್ದಿದ ಜಂಭದಲ್ಲೇ ಅವಳು ಎರಡನ್ನೂ ನಲವತ್ತಕ್ಕೆ ಕತ್ತರಿಸಿದ್ದಳು. ಈಗ ಹಿಂದಿನ ಹಾಳೆಗಳನ್ನು ತಿರುವಿದರೆ, ಇಪ್ಪತ್ತಾರು ವರ್ಷದುದ್ದಕ್ಕೂ ಅದೇ ಒಂದಿಂಚು ಕಡಿಮೆ. ನಾಲಿಗೆ ಕಚ್ಚಿಕೊಂಡು ಪುಸ್ತಕವನ್ನು ಅವರತ್ತ ತಿರುಗಿಸಿದಳು.

ಮೇಷ್ಟ್ರು ಆ ಅಂಕಿಗಳ ಮೇಲೆ ಬೆರಳಾಡಿಸಿದರು.

"ಏಳು ವರ್ಷದವನಿದ್ದಾಗ ಗೋಡೆಯಿಂದ ಬಿದ್ದೆ. ಸೊಂಟದ ಕೀಲು ಹೋಯ್ತು, ತೊಡೆ ಮೂಳೆ ಸರಿಯಾಗಿ ಬೆಳೀಲಿಲ್ಲ. ಶಾಲೇಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಇಲ್ಲಿ ಅಳತೆ ಕೊಡುವಾಗಲೂ ಹಿಮ್ಮಡಿ ಎತ್ತಿಕೊಂಡೇ ನಿಲ್ತಿದ್ದೆ." ಅವರ ದನಿ ಒರಟಾಯಿತು. "ಒಂದು ಮಾತು ಕೇಳಬಾರದಿತ್ತಾ ಆ ಮನುಷ್ಯ?"

"ಮನೇಲೂ ತುಟಿಪಿಟಕ್ ಅಂದವರಲ್ಲ," ಎಂದಳು ಮಗಳು.

ಅವಳು ಟೇಪು ಹಿಡಿದು ಮಂಡಿಯೂರಿದಳು. ಸೊಂಟದ ಮೂಳೆಯಿಂದ ತೊಡೆ, ಮೊಣಕಾಲು ಹಾದು ಪಾದದ ಗಂಟಿನವರೆಗೆ ಇಳಿಸಿದಳು. ಅಭ್ಯಾಸಬಲದಿಂದ ಮೇಷ್ಟ್ರ ಎಡ ಹಿಮ್ಮಡಿ ನೆಲದಿಂದ ಮೇಲೆದ್ದಿತ್ತು. ಅವಳು ತಲೆಯೆತ್ತಲಿಲ್ಲ, ಅಳತೆಯನ್ನೂ ಓದಲಿಲ್ಲ, ಸುಮ್ಮನೆ ಕಾದಳು.

ಸ್ವಲ್ಪ ಹೊತ್ತಿಗೆ ಹಿಮ್ಮಡಿ ಮೆಲ್ಲನೆ ಇಳಿದು ನೆಲ ಮುಟ್ಟಿತು.