ಎಲೆ ರಾಜ್ಯದ್ದು, ಹೂವು ದಿಲ್ಲಿಯದು

ಬೊಮ್ಮಸಂದ್ರದ ಆ ಔಷಧಿ ಕಾರ್ಖಾನೆಯಲ್ಲಿ ಹಗಲು ಪಾಳಿಯ ಹೆಂಗಸರು ಟಾರ್ಪಾಲಿನ ಮೇಲೆ ಕೂತು ಮಾಡುತ್ತಿದ್ದ ಕೆಲಸ, ದೂರದಿಂದ ನೋಡಿದವರಿಗೆ ಮದುವೆಮನೆಯಲ್ಲಿ ಸೊಪ್ಪು ಸೋಸಿದ ಹಾಗೆ ಕಾಣುತ್ತಿತ್ತು. ಸೋಸುತ್ತಿದ್ದದ್ದೇನೋ ಸೊಪ್ಪೇ, ಆದರೆ ಭಂಗಿ ಸೊಪ್ಪು. ಅಜೀರ್ಣಕ್ಕೆ ಕೊಡುವ ಒಂದು ಚೂರ್ಣಕ್ಕೆ ಅದು ಬೇಕಾಗಿತ್ತು. ಅಬಕಾರಿ ಇಲಾಖೆಯ ಪರವಾನಗಿಯ ಮೇಲೆ, ಮೊಹರು ಹಾಕಿದ ಚೀಲಗಳಲ್ಲಿ ಬರುತ್ತಿತ್ತು.

ದುರ್ಗವ್ವ ಕೆಲಸಕ್ಕೆ ಸೇರಿದ ದಿನವೇ ಸೂಪರ್‌ವೈಸರ್ ಶೇಖರಪ್ಪ ಅವಳನ್ನು ಕೂರಿಸಿಕೊಂಡು ಹೇಳಿದ್ದ: "ನೋಡಮ್ಮ, ಗಿಡ ಒಂದೇ. ಎಲೆ ನಮ್ಮ ರಾಜ್ಯದ್ದು, ಲೈಸೆನ್ಸ್ ಇದೆ, ಔಷಧಿ. ಹೂವು ದಿಲ್ಲಿ ಕಾನೂನಿಗೆ ಸೇರಿದ್ದು. ಅದನ್ನ ಗಾಂಜಾ ಅಂತಾರೆ, ಇಟ್ಕೊಂಡ್ರೆ ಜೈಲು. ಎಲೆ ಜೊತೆ ಬಂದ ಹೂವು, ಮೊಗ್ಗು ಒಂದೂ ಬಿಡದ ಹಾಗೆ ಕಿತ್ತು ಈ ಕೆಂಪು ಬಕೆಟ್ಟಿಗೆ ಹಾಕ್ಬೇಕು. ಸಂಜೆ ಬಾಯ್ಲರಿಗೆ ಹೋಗುತ್ತೆ."

"ಒಂದ ಗಿಡಕ್ಕ ಇಬ್ಬರು ಗೌಡ್ರೇನ್ರಿ?" ಎಂದಳು ದುರ್ಗವ್ವ. ಸಾಲಿನಲ್ಲಿದ್ದ ಹೆಂಗಸರು ನಕ್ಕರು.

ಶೇಖರಪ್ಪನೂ ನಕ್ಕ. "ಹೂಂ ಕಣಮ್ಮ. ಇಬ್ರೂ ಒಂದೇ ದಿನ ಬರದಿದ್ರೆ ಸಾಕು."

ಶೇಖರಪ್ಪ ಒಳ್ಳೆಯವನು. ದುರ್ಗವ್ವನ ಮೊಣಕಾಲು ನೋಯುತ್ತದೆಂದು ತಿಳಿದ ಮರುದಿನ, ಯಾರಿಗೂ ಹೇಳದೆ, ಅವಳ ಜಾಗದಲ್ಲಿ ಒಂದು ಮಣೆ ಇಟ್ಟಿದ್ದ. ಅಂಥವನ ಮಾತು ಮೀರುವುದು ಅವಳಿಗೆ ಕಷ್ಟವೇ ಆಯಿತು. ಆದರೂ ಒಂದು ವಿಷಯದಲ್ಲಿ ಮೀರಿದಳು.

ಅವಳು ಸುರಪುರದ ಕಡೆಯವಳು. ಅವಳೂರಿನ ಅಜ್ಜನ ಗದ್ದುಗೆಯಲ್ಲಿ ಈ ಹೂವೇ ಪ್ರಸಾದ. ಅಜ್ಜ ಎಂದರೆ ಎಂದೋ ಬದುಕಿದ್ದ ಒಬ್ಬ ಅವಧೂತ. ಗದ್ದುಗೆಗೆ ಹೋದವರು ಒಂದು ಚಿಟಿಕೆ ಹೂವನ್ನು ಕಣ್ಣಿಗೊತ್ತಿಕೊಂಡು ಬರುತ್ತಾರೆ. ಅದು ನೆಲಕ್ಕೆ ಬೀಳಬಾರದು, ಒಲೆಗೆ ಬೀಳಬಾರದು. ಊರಲ್ಲಿ ಜಗಳವಾದರೆ ಆ ಚಿಟಿಕೆಯನ್ನು ಮುಷ್ಟಿಯಲ್ಲಿ ಹಿಡಿಸಿ ಕೇಳುತ್ತಾರೆ. ಹಿಡಿದವರು ಸುಳ್ಳಾಡಿದ್ದು ಯಾರಿಗೂ ಗೊತ್ತಿಲ್ಲ. ಅವಳ ಮೈದುನ ಯಮನಪ್ಪ ಬದುವಿನ ಜಗಳದಲ್ಲಿ ಹಾಗೆ ಮುಷ್ಟಿ ಹಿಡಿದು, ತನಗೇ ಕೇಡಾಗುವ ನಿಜವನ್ನು ಹೇಳಿ, ಹೊಲದ ತುಂಡು ಬಿಟ್ಟುಕೊಟ್ಟು ಮನೆಗೆ ಬಂದು ಉಂಡು ಮಲಗಿದ್ದ.

ಅಂಥ ಹೂವು ಬಕೆಟ್ಟುಗಟ್ಟಲೆ ಬಾಯ್ಲರಿಗೆ ಹೋಗುವುದನ್ನು ಅವಳು ಹೇಗೆ ನೋಡಿಯಾಳು? ಎಲ್ಲವನ್ನೂ ಉಳಿಸುವುದು ಸಾಧ್ಯವಿರಲಿಲ್ಲ. ಸಂಜೆ ಬಕೆಟ್ಟು ಎತ್ತುವ ಮುನ್ನ ಒಂದು ಚಿಟಿಕೆ ತೆಗೆದು, ಕಣ್ಣಿಗೊತ್ತಿ, ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಉಳಿದ ಹೂವಿನ ಪಾಪವನ್ನು ಆ ಚಿಟಿಕೆ ಕಳೆಯುತ್ತದೆಂದು ಅವಳ ಲೆಕ್ಕ. ಮೊದಲ ಸಲ ಶೇಖರಪ್ಪ ಅದನ್ನು ಕಂಡ. ಕಂಡವನು ಬಾಯಿ ತೆರೆದು, ಅವಳ ಮುಚ್ಚಿದ ಕಣ್ಣುಗಳನ್ನು ನೋಡಿ, ಗೋಡೆಯ ಕಡೆ ತಿರುಗಿ ನಿಂತ. ಅಂದಿನಿಂದ ಆ ಹೊತ್ತಿಗೆ ಗೋಡೆಯ ಕಡೆ ತಿರುಗುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತು.

ಆ ಚಿಟಿಕೆಗಳು ಹೆಬ್ಬಗೋಡಿಯ ಬಾಡಿಗೆ ಕೋಣೆಯಲ್ಲಿ, ದೇವರ ಗೂಡಿನ ಒಂದು ಬಿಳಿ ಬಟ್ಟೆಯ ಗಂಟಿನೊಳಗೆ ಸೇರುತ್ತಿದ್ದವು. ಹರಿಯುವ ನೀರಿಗೆ ಬಿಡಬಹುದಿತ್ತು, ಆದರೆ ಅಲ್ಲಿ ಹರಿಯುವುದು ಕಾರ್ಖಾನೆಗಳ ಮೋರಿ ಮಾತ್ರ. ಮಗಳು ಶಿವಗಂಗಾ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಅವಳಿಗೆ ರಜೆ ಸಿಕ್ಕಾಗ ಇಬ್ಬರೂ ಊರಿಗೆ ಹೋಗಿ ಗದ್ದುಗೆಗೆ ಒಪ್ಪಿಸುವುದೆಂದು ಮಾತಾಗಿತ್ತು. ರಜೆ ಸಿಕ್ಕಿರಲಿಲ್ಲ.

ಒಂದು ಸೋಮವಾರ ಇಬ್ಬರು ಗೌಡರೂ ಒಟ್ಟಿಗೆ ಬಂದರು.

ರಾಜ್ಯದ ಅಬಕಾರಿ ಇನ್‌ಸ್ಪೆಕ್ಟರ್ ಚನ್ನವೀರಪ್ಪನನ್ನು ಹೆಂಗಸರು ಬಲ್ಲರು. ಚೀಲಗಳ ಮೊಹರು ಒಡೆಯುವಾಗಲೆಲ್ಲ ಬರುತ್ತಿದ್ದ, ದುರ್ಗವ್ವನ ಮಾತಿನಲ್ಲಿ ತನ್ನ ಕಡೆಯ ಧಾಟಿ ಕೇಳಿ 'ಅವ್ವಾ' ಎಂದು ಕರೆಯುತ್ತಿದ್ದ. ಇಂದು ಅವನ ಮುಂದೆ ನಡೆದು ಬಂದವನು ಬೇರೆ: ಕೇಂದ್ರದ ಮಾದಕವಸ್ತು ವಿಭಾಗದ ಅಧಿಕಾರಿ ಸಿದ್ಧಾರ್ಥ್, ಮಾರತ್ತಹಳ್ಳಿಯ ಹುಡುಗ, ಮೆಲ್ಲಗೆ ಮಾತಾಡುವವನು. ಟಾರ್ಪಾಲು ತುಳಿಯಬಾರದೆಂದು ಬಾಗಿಲಲ್ಲೇ ಬೂಟು ಬಿಚ್ಚಿದ.

"ಸಾರ್, ಇದು ಭಂಗಿ. ಪರ್ಮಿಟ್ ಕೊಟ್ಟೋರು ನಾವು," ಎಂದ ಚನ್ನವೀರಪ್ಪ.

"ಎಲೆ ನಿಮ್ದೇ ಸಾರ್, ನಾನು ಕೇಳಲ್ಲ. ಹೂವು ನಮ್ದು." ಸಿದ್ಧಾರ್ಥ್ ಕೆಂಪು ಬಕೆಟ್ಟಿನೊಳಗೆ ಬಗ್ಗಿ ನೋಡಿದ. "ಇದೆಲ್ಲ ಸುಡ್ತೀರಾ?"

"ಪೂರ್ತಿ, ಸಾರ್," ಎಂದ ಶೇಖರಪ್ಪ.

"ಯಾರೂ ಒಂಚೂರೂ ಮನೆಗೆ ತಗೊಂಡು ಹೋಗಲ್ಲ? ಹೂವು ಹೊರಗೆ ಹೋಗ್ತಿದೆ ಅಂತ ನಮಗೆ ಸುದ್ದಿ ಬಂದಿದೆ. ಹೋಗೋದು ಗೊತ್ತಿದ್ದೂ ಬಿಟ್ಟೋರಿಗೆ, ತಗೊಂಡೋರಿಗಿಂತ ಜಾಸ್ತಿ ಶಿಕ್ಷೆ ಆಗೋ ಹಾಗೆ ಕೇಸ್ ಬರೀತೀನಿ."

"ಇಲ್ಲ ಸಾರ್," ಎಂದ ಶೇಖರಪ್ಪ. ಹೇಳುವಾಗ ಕಣ್ಣು ದುರ್ಗವ್ವನ ಕಡೆ ಹೋಗಿ ಬಂತು. ಸ್ವಲ್ಪ ಹೊತ್ತಿನ ಮೇಲೆ ಅವಳ ಬಳಿ ಬಂದು ಗಟ್ಟಿಯಾಗಿಯೇ, "ಏನಮ್ಮ, ಜ್ವರ ಅಂತಿದ್ಯಲ್ಲ, ಮನೆಗೆ ಹೋಗು," ಎಂದ.

ಅವಳಿಗೆ ಜ್ವರವಿರಲಿಲ್ಲ. ಅರ್ಥವಾಯಿತು, ಎದ್ದಳು.

ಬಸ್‌ಸ್ಟಾಪು ಇನ್ನೂ ದೂರವಿರುವಾಗಲೇ ಹಿಂದಿನಿಂದ ಜೀಪು ಬಂದು ಪಕ್ಕದಲ್ಲಿ ನಿಂತಿತು. "ಜ್ವರದಲ್ಲಿ ಬಿಸಿಲಿಗೆ ಯಾಕೆ ನಡೀತೀರಮ್ಮ? ಬನ್ನಿ, ಮನೆ ಹತ್ರ ಬಿಡ್ತೀವಿ," ಎಂದ ಸಿದ್ಧಾರ್ಥ್. ಜೊತೆಗಿದ್ದ ಮಹಿಳಾ ಪೇದೆ ಅವಳ ಮೊಣಕಾಲು ನೋಡಿ ಕೈಕೊಟ್ಟು ಹತ್ತಿಸಿಕೊಂಡಳು, ಕುಡಿಯಲು ತನ್ನ ನೀರಿನ ಬಾಟಲಿ ಕೊಟ್ಟಳು. ಹಿಂದಿನ ಸೀಟಿನಲ್ಲಿ ಚನ್ನವೀರಪ್ಪ ಹೊರಗೆ ನೋಡುತ್ತ ಕೂತಿದ್ದ.

ಮನೆಯೊಡತಿ ಬೈರಮ್ಮ ವಠಾರದ ಬಾಗಿಲಲ್ಲೇ ಸಿಕ್ಕಳು. ಒಂದು ಕೀಲಿ ಅವಳ ಬಳಿಯೂ ಇರುತ್ತಿತ್ತು. "ಯಾಕವ್ವ ಇಷ್ಟೊತ್ಗೆ ಬಂದೆ? ಇವತ್ತು ಸೋಮವಾರ ಅಲ್ವಾ, ನಿಮ್ಮಜ್ಜನ ಗಂಟಿಗೆ ಒಂದು ಮೊಳ ಮಲ್ಲಿಗೆ ಸುತ್ತಿ ದೀಪ ಅಚ್ಚಿವ್ನಿ," ಎಂದಳು. ಆಮೇಲೆ ಜೀಪು ನೋಡಿದಳು.

ಕೋಣೆಯಲ್ಲಿ ಹುಡುಕುವ ಕೆಲಸವೇ ಇರಲಿಲ್ಲ. ದೀಪದ ಬೆಳಕಿನಲ್ಲಿ, ಮಲ್ಲಿಗೆ ಸುತ್ತಿಕೊಂಡು, ಗಂಟು ಗೂಡಿನ ನಡುವೆ ಕೂತಿತ್ತು.

"ನೀವೇ ಬಿಚ್ಚಿ ಅಮ್ಮ. ದೇವರದು, ನಾವು ಮುಟ್ಟೋದು ಬೇಡ," ಎಂದ ಸಿದ್ಧಾರ್ಥ್.

ಅವಳು ಬಿಚ್ಚಿದಳು. ಒಣಗಿ ಪುಡಿಯಾದದ್ದು ನೆಲಕ್ಕೆ ಬೀಳದಂತೆ ಒಂದು ಚಿಟಿಕೆ ಅಂಗೈಗೆ ತೆಗೆದುಕೊಂಡಳು. ಚನ್ನವೀರಪ್ಪ ಮುಂದೆ ಬಂದ.

"ಪುಡಿ ಆಗೇತಲ್ಲ ಸಾರ್. ಎಲೀನ ಇದು. ಭಂಗಿ ನಮ್ಮ ಇಲಾಖೆದ್ದು, ದಂಡ ಹಾಕಿ ಬಿಡ್ತೀನಿ. ಹೌದಿಲ್ಲೋ ಬೇ ಅವ್ವಾ? ಎಲಿ ಅಲ್ಲೇನು?"

ಸಿದ್ಧಾರ್ಥ್ ಆ ಚೂರನ್ನು ನೋಡಿದ, ಅವಳ ನರೆಗೂದಲು ನೋಡಿದ. "ಅಮ್ಮ ಎಲೆ ಅಂದ್ರೆ ಎಲೆ. ನಾನು ಹೊರಟೆ."

ಚನ್ನವೀರಪ್ಪನ ಕಣ್ಣು ಬೇಡಿಕೊಳ್ಳುತ್ತಿತ್ತು. ಅವನೂ ಆ ಕಡೆಯವನೇ. ಆದರೆ ಅವಳ ಮುಷ್ಟಿ ಮುಚ್ಚಿದ್ದನ್ನು ಗಮನಿಸುವಷ್ಟು ಸಮಾಧಾನ ಅವನಿಗಿರಲಿಲ್ಲ. ದುರ್ಗವ್ವನಿಗೆ ಶಿವಗಂಗಾ ಸಂಜೆ ಬಂದು ಬೀಗ ನೋಡುವುದು ಕಣ್ಣಿಗೆ ಕಟ್ಟಿತು. ಎಲಿ ಎನ್ನಲು ಬಾಯಿ ತೆರೆದಳು.

"ಹೂವ್ರಿ," ಎಂದಳು.

ಚನ್ನವೀರಪ್ಪ ಆಗ ಮುಷ್ಟಿಯನ್ನು ನೋಡಿದ. "ಅಯ್ಯ ಅವ್ವಾ, ಕೈಯಾಗ ಹಿಡಕೊಂಡಿಯಲ್ಲ," ಎಂದು ಗೊಣಗಿದ.

"ಹಿಡ್ಕೊಂಡ್ರೆ ಏನು?" ಎಂದ ಸಿದ್ಧಾರ್ಥ್. ಬೈರಮ್ಮ, ಮುದುಕಿಗೆ ಒಳ್ಳೆಯದಾದೀತೆಂದು, ಹೇಳಿಬಿಟ್ಟಳು: "ಅದ ಇಡ್ಕೊಂಡು ಸುಳ್ಳಾಡಂಗಿಲ್ವಂತೆ ಸಾಮಿ. ಅವಳು ಅಂಥೋಳು. ಬಿಟ್ಬಿಡಿ."

ಸಿದ್ಧಾರ್ಥ್ ತಲೆಯಾಡಿಸಿದ. "ಕೆಂಪು ಬಕೆಟ್ಟಿಂದ ತಾನೇ ಅಮ್ಮ? ತಗೊಳ್ಳೋದನ್ನ ಯಾರಾದ್ರೂ ನೋಡಿದ್ರಾ?"

ದುರ್ಗವ್ವ ಬಗ್ಗಿ ಚಿಟಿಕೆಯನ್ನು ಬಟ್ಟೆಗೆ ಹಾಕಿದಳು. ಅಂಗೈಯನ್ನು ಸೆರಗಿಗೆ ನಿಧಾನವಾಗಿ, ಒಂದು ಕಣವೂ ಉಳಿಯದಂತೆ ಒರೆಸಿಕೊಂಡಳು. ಗಂಟು ಕಟ್ಟಿ ಗೂಡಿನಲ್ಲಿಟ್ಟಳು. ಆಮೇಲೆ ನೆಟ್ಟಗೆ ನಿಂತು, "ಯಾರೂ ನೋಡಿಲ್ರಿ," ಎಂದಳು.

ಗೂಡಿನ ದೀಪ ಚಟಚಟ ಎಂದಿತು. ಸಿದ್ಧಾರ್ಥ್ ಅವಳ ಖಾಲಿ ಕೈಯನ್ನು ನೋಡುತ್ತಿದ್ದ.

"ಈಗ ಅದನ್ನ ಕೈಗೆ ತಗೊಂಡು ಇನ್ನೊಂದ್ಸಲ ಹೇಳಿ, ಅಮ್ಮ," ಎಂದ, ತುಂಬ ಮೆಲ್ಲಗೆ.

ಅವಳ ಕೈ ಏಳಲಿಲ್ಲ. ಅವನು ಕಾದ. ಹೊರಗೆ ಶಿಫ್ಟಿನ ಬಸ್ಸೊಂದು ಹಾರ್ನು ಹಾಕಿ ಹೋಯಿತು. ಕೈ ಏಳಲಿಲ್ಲ.

"ಸಾಕು, ಅಮ್ಮ," ಎಂದು ಅವನೇ ಅವಳ ಚಪ್ಪಲಿಯನ್ನು ಬಾಗಿಲ ಬಳಿ ಜೋಡಿಸಿ ಇಟ್ಟ. ಬೈರಮ್ಮ ಅಳುತ್ತ ಎರಡು ರೊಟ್ಟಿ ಕಟ್ಟಿಕೊಟ್ಟಳು. ಮಹಿಳಾ ಪೇದೆ ಗೂಡಿನ ಗಂಟನ್ನು ಎತ್ತಿಕೊಂಡು, ಮತ್ತೆ ಮೊಣಕಾಲು ನೋಡಿ ಕೈಕೊಟ್ಟಳು. ಜೀಪು ಠಾಣೆಯ ಕಡೆ ಹೋಗಲಿಲ್ಲ. ಬಂದ ದಾರಿಯಲ್ಲೇ, ಬೊಮ್ಮಸಂದ್ರದ ಕಡೆಗೆ ತಿರುಗಿತು. ಅಲ್ಲಿ ಆ ಹೊತ್ತಿಗೆ ಹೆಂಗಸರು ಟಾರ್ಪಾಲು ಮಡಚುತ್ತಿದ್ದರು. ಬಕೆಟ್ಟು ಎತ್ತುವ ಸಮಯವಾಗಿತ್ತು. ಅಭ್ಯಾಸದಂತೆ ಶೇಖರಪ್ಪ ಗೋಡೆಯ ಕಡೆ ತಿರುಗಿ ನಿಂತಿದ್ದ.