ನುಚ್ಚಿಗೆ ಕೊಟ್ಟ ಕೂಸು

ದೊರೆಸಾನಿಯ ಕೂದಲು ಒಣಗಿದ ತೆಂಗಿನ ನಾರಿನ ಬಣ್ಣ, ಕುಮಟೆಯ ಕಚೇರಿಯ ಜಗಲಿಯಲ್ಲಿ ಬಿಸಿಲು ಬಿದ್ದು ಇನ್ನಷ್ಟು ಕೆಂಪು, ಅದನ್ನು ಹಿಡಿದೆಳೆದು ನಗುತ್ತಿರುವುದು ಎರಡು ವರ್ಷದ ನುಚ್ಚಿ, ತಿಮ್ಮಕ್ಕನ ಮೊಮ್ಮಗಳು — ಮೊಮ್ಮಗಳು ಅನ್ನಬಾರದು, ಮನಸ್ಸಿನೊಳಗೂ ಅನ್ನಬಾರದು, ಜವರಾಯನ ಕಿವಿ ಚುರುಕು, ನನ್ನದು ನನ್ನದು ಎಂದು ಎದೆಗೊತ್ತಿಕೊಂಡ ಮೂರು ಗಂಡುಮಕ್ಕಳನ್ನು ಅವನೇ ಒಯ್ದ, ಅಳಿಯನನ್ನು ದೋಣಿಯ ಸಮೇತ ಒಯ್ದ, ಉಳಿದೊಬ್ಬ ಮಗಳು ದೇವಿಯನ್ನೂ ಒಯ್ದ, ಅವಳು ಈ ಕೂಸನ್ನು ಹೆತ್ತ ಮೂರನೇ ದಿನಕ್ಕೆ, ಅದಕ್ಕೇ ಅಲ್ಲವೇ ಆ ಹಸಿಕೂಸನ್ನು ಅಕ್ಕಿ ಕೇರುವ ಗೆರಸೆಯಲ್ಲಿ ಮಲಗಿಸಿ ನೆರೆಮನೆಯ ಗಂಗೆಯ ಕೈಗೆ ಕೊಟ್ಟದ್ದು, ತಕಾ, ನಂಗೆ ಬ್ಯಾಡ ಇದು, ಗಂಗೆ ಹೊಸಿಲು ದಾಟಿ ಹೋಗಿ ತಿರುಗಿ ಬಂದು, ತಿಮ್ಮಕ್ಕಾ, ನನ್ನ ಕೂಸು ಇದು, ಒಂದು ಹಿಡಿ ನುಚ್ಚು ಕೊಟ್ರೆ ನಿನ್ನ ಹತ್ರ ಸಾಕೂಕೆ ಬಿಡ್ತೆ, ನಿನ್ನ ಹಿಡಿ ಎಂತ ಇಷ್ಟು ಸಣ್ಣದು ಮಾರಾಯ್ತಿ, ಇನ್ನೊಂದು ಹಾಕು — ನಗುತ್ತಲೇ ಅತ್ತಿದ್ದರು ಇಬ್ಬರೂ, ಗೆರಸೆಯ ಅಂಚಿನಿಂದ ಒಂದು ಪಾದ ಹೊರಗಿತ್ತು, ಹೆಬ್ಬೆರಳಿನಷ್ಟು ಪಾದ.

ಅಂದಿನಿಂದ ಯಾರು ಕೇಳಿದರೂ ಒಂದೇ ಮಾತು, ನಮ್ಮದಲ್ಲ, ಅಳಿವೆ ದಂಡೆ ಮೇಲೆ ಸಿಕ್ಕಿದ್ದು, ತದಡಿಯ ಕೇರಿಗೆ ಕೇರಿಯೇ ಹೌದು ಹೌದು ಅನ್ನುತ್ತಿತ್ತು, ಗೊತ್ತಿದ್ದವರ ಮಾತು ಅದು, ದಡಾರದ ವರ್ಷ ಹೊನ್ನಾವರದ ಮಕ್ಕಳ ಆಶ್ರಮದಿಂದ ಬಂದ ಮಂಗಲಾಬಾಯಿಗೆ ಹೇಗೆ ಗೊತ್ತಿರಬೇಕು, ಬಯಲುಸೀಮೆಯವಳು, ಕೇಳಿದಳು, ದಿಕ್ಕಿಲ್ಲದ ಕೂಸೆಂದು ಬರೆದುಕೊಂಡಳು, ಬರೆದದ್ದು ಕಡಲಾಚೆಗೆ ಹೋಯಿತು, ಕಡಲಾಚೆಯಿಂದ ಈ ಹೆಂಗಸು ಬಂದಳು, ಹದಿನೈದು ದಿನ ದಿನವೂ ಬಂದಳು, ಕಡಲು ನೋಡಲು ಬಂದವಳೆಂದೇ ತಿಮ್ಮಕ್ಕ ಚಾಪೆ ಹಾಸಿದಳು, ತಾರಲೆ ಮೀನಿನ ಸಾರು ಬಡಿಸಿದಳು, ಕಣ್ಣುಮೂಗೆಲ್ಲ ನೀರಾದರೂ ದೊರೆಸಾನಿ ಬಟ್ಟಲು ನೆಕ್ಕಿದಳಲ್ಲ, ಗಂಗೆ ಹೇಳಿದಳು, ಅದಕ್ಕೆ ಇನ್ನೊಂದು ಸೌಟು ಹಾಕೇ, ಊರು ಸೇರೂವರೆಗೂ ಬಾಯಿ ಉರೀಲಿ — ಮೀನಿನ ಮುಳ್ಳು ಬೆರಳಲ್ಲೇ ಹುಡುಕಿ ತೆಗೆಯುವುದನ್ನು ಕಲಿಸಿದ್ದು ತಿಮ್ಮಕ್ಕನೇ, ಕೂಸನ್ನು ಸೊಂಟಕ್ಕೆ ಕೂರಿಸುವುದನ್ನು ಕಲಿಸಿದ್ದೂ, ಹೀಗೆ ಬಾಯೋರೆ, ಸೊಂಟ ಆಚೆ ಹಾಕಿ, ಒಂದು ಪಾದ ಮುಂದೆ, ಒಂದು ಹಿಂದೆ, ನಿನ್ನೆ ಸಂಜೆಯಷ್ಟೇ ಮಂಗಲಾಬಾಯಿ ಹೇಳಿದ್ದು, ನಾಳೆ ಸಾಹೇಬರು ಸಹಿ ಹಾಕಿದರೆ ಕೂಸು ದೊರೆಸಾನಿಯದಾತು, ಶುಕ್ರವಾರ ಬೊಂಬಾಯಿ ಬಸ್ಸು, ಅಲ್ಲಿಂದ ವಿಮಾನ.

ಜವಾನ ಕೂಗಿದ, ಒಳಗೆ ಪಂಖದ ಗಾಳಿ, ಶಾಯಿಯ ವಾಸನೆ, ಸಾಹೇಬರು ತಲೆ ಎತ್ತದೆ, ಮಗು ಯಾರದ್ದು, ಮಂಗಲಾಬಾಯಿ ಬಗ್ಗಿ ಮೆಲ್ಲಗೆ, ತಿಮ್ಮಕ್ಕಾ, ನಿಮ್ಮ ಮುಖ ಯಾಕೋ ಸರಿ ಇಲ್ಲ, ನಿಮ್ಮದೇ ಆದರೆ ಈಗಲೇ ಹೇಳಿಬಿಡಿ, ಯಾರೂ ಒಯ್ಯುವುದಿಲ್ಲ — ಒಂದೇ ಮಾತು, ನನ್ನದು, ನನ್ನ ದೇವಿಯದು, ಅಂದರೆ ಕೂಸು ಮನೆಗೆ, ಅಂದರೆ ಜವರಾಯನಿಗೂ ಕೇಳುತ್ತದೆ, ಬಾಗಿಲಲ್ಲೇ ಇದ್ದಾನೆ, ಕಡಲ ದಂಡೆಯ ಹೊಯಿಗೆಯೊಳಗೆ ಹೂತ ಮೂರು ಹುಡುಗರು, ಅನ್ನದಿದ್ದರೆ ವಿಮಾನ, ಎಲ್ಲೋ ಚಳಿಯ ದೇಶ, ಯಾರ ಕೈಯ ಅನ್ನವೋ, ಅಲ್ಲಿ ಬದುಕುತ್ತದೆ, ಬದುಕುತ್ತದೆಯೇ, ಅವನು ಕಡಲು ದಾಟುತ್ತಾನೆಯೇ, ಹೇಳು, ನಾಲಿಗೆಯೇ ಹೇಳು, ಮುದುಕಿ, ಸಾಹೇಬರು ಮತ್ತೆ, ಯಾರದ್ದಮ್ಮಾ ಮಗು, ಹೊತ್ತಾಯಿತು, ನನ್ನ, ನನ್ನ — ನಮ್ಮದಲ್ಲ ಒಡ್ಯಾ, ಅಳಿವೆ ದಂಡೆ ಮೇಲೆ ಸಿಕ್ಕಿದ್ದು, ಯಾರ ದನಿ ಅದು, ಲೇಖನಿ ಕಾಗದದ ಮೇಲೆ ಹರಿಯಿತು, ದೊರೆಸಾನಿ ಅಳುತ್ತ ನಗುತ್ತ ಕೂಸನ್ನೆತ್ತಿ ಸೊಂಟ ಆಚೆ ಹಾಕಿ ಕೂರಿಸಿಕೊಂಡಳು, ತಪ್ಪಿಲ್ಲ, ಸರಿಯಾಗಿಯೇ, ಬಾಗಿಲು ದಾಟಿದಳು, ಬೆನ್ನ ಹಿಂದೆ ಒಂದು ಪಾದ, ಜೋತುಬಿದ್ದ ಪಾದ, ಪಾದ —